ಕೀಬೋರ್ಡ್ ವೇಷ ಬಿಡದ ಬ್ಲೂಟೂತ್ ಡಾಂಗಲ್: ಒಂದು ಕಾಟಾ ಖೋಲಿಯ ಪ್ರಕರಣ

ನವೆಂಬರ್ ಕೊನೆಯ ವಾರ. ಗಂಗಾವತಿ ಸುತ್ತಮುತ್ತ ಮುಂಗಾರಿ ಭತ್ತ ಕೊಯ್ದು, ಮಿಲ್ಲುಗಳ ಮುಂದೆ ಲಾರಿ, ಟ್ರ್ಯಾಕ್ಟರ್ ಸಾಲು ಹಚ್ಚುವ ಹೊತ್ತು. ರಾತ್ರಿ ಊಟಕ್ಕೆ ಕೂತಿದ್ದೆ. ಊರ ಹೊರಗಿನ ಒಂದು ರೈಸ್ ಮಿಲ್ಲಿನ ಕಾಟಾ ಹುಡುಗ ಫೋನ್ ಮಾಡಿದ.

"ಸರ, ಹೊಸ ಪ್ರಿಂಟರ್ ಬಂದೈತ್ರಿ. ಫೋನಿಗೆ ಹತ್ತಿತು, ಕಂಪ್ಯೂಟರಿಗೆ ಹತ್ತವಲ್ದು. ಬ್ಲೂಟೂತೇ ಇಲ್ಲ ಅಂತೈತಿ."

"ಡಾಂಗಲ್ ಐತೋ ಇಲ್ಲೋ ನೋಡಪ್ಪ."

"ಐತ್ರಿ. ಕೀಬೋರ್ಡ್ ಅದರ ಮ್ಯಾಲೇ ನಡದೈತಲ್ರಿ."

ಬ್ಲೂಟೂತ್ ಡಾಂಗಲ್, ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ಬ್ಲೂಟೂತ್ ತುಂಡು, ಇದೆ, ಅದರಿಂದ ಬ್ಲೂಟೂತ್ ಕೀಬೋರ್ಡ್ ನಡೆಯುತ್ತಿದೆ, ಆದರೆ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇಲ್ಲ. ತಲೆಬುಡ ಇಲ್ಲದ ಮಾತು ಅನ್ನಿಸುತ್ತೆ ಅಲ್ವಾ? ನನಗೂ ಹಾಗೇ ಅನ್ನಿಸಿತು. ಏನೋ ಸೆಟ್ಟಿಂಗ್ ಕೆಡಿಸಿಕೊಂಡಿದ್ದಾನೆ ಅಂತ ಬೈದುಕೊಂಡೇ ಗಾಡಿ ಹತ್ತಿದೆ. ಹುಡುಗ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಕಾಟಾ ಅಂದರೆ ವೇ ಬ್ರಿಡ್ಜ್. ಲಾರಿ ಹತ್ತಿ ನಿಲ್ಲುವ ಕಬ್ಬಿಣದ ಹಾಸು, ಅದರ ಪಕ್ಕ ಒಂದು ಸಣ್ಣ ಖೋಲಿ, ಖೋಲಿಯಲ್ಲಿ ಕೆಂಪು ಅಂಕಿಯಲ್ಲಿ ತೂಕ ತೋರಿಸುವ ಪೆಟ್ಟಿಗೆ. ಆ ಪೆಟ್ಟಿಗೆಯಿಂದ ಒಂದು ಸೀರಿಯಲ್ ಕೇಬಲ್ ಹಳೆ ಡೆಸ್ಕ್‌ಟಾಪಿಗೆ ಬರುತ್ತದೆ. ತುಂಬಿದ ಗಾಡಿಯ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಭತ್ತದ ತೂಕ, ಅಷ್ಟೇ ಲೆಕ್ಕ. ಚೀಟಿ ಹೊಡೆಯುವ ಪ್ರೋಗ್ರಾಮನ್ನು ಪೈಥಾನಿನಲ್ಲಿ ನಾನೇ ಬರೆದುಕೊಟ್ಟಿದ್ದೆ. ಅದಕ್ಕೆ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿದವನೂ ನಾನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಿಲ್ಲಿನಲ್ಲಿ ಧೂಳೇ ದೊಡ್ಡ ಶತ್ರು. ಉಮಿ, ತೌಡಿನ ಪುಡಿ ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಅದಕ್ಕೇ ಕಂಪ್ಯೂಟರನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದೇವೆ. ಹೊರಗೆ ಮೇಜಿನ ಮೇಲೆ ಮಾನಿಟರ್, ವೈರ್‌ಲೆಸ್ ಕೀಬೋರ್ಡ್, ಮೌಸ್. ಕಬ್ಬಿಣದ ಪೆಟ್ಟಿಗೆಯೊಳಗಿಂದ ರೇಡಿಯೋ ಸಿಗ್ನಲ್ ಹೊರಗೆ ಬರುವುದಿಲ್ಲ, ಹಾಗಾಗಿ ಡಾಂಗಲ್ಲನ್ನು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿನಲ್ಲಿ ಕಪಾಟಿನ ತೂತಿನಿಂದ ಹೊರಗೆ ಎಳೆದು, ಮೇಜಿನ ಕಾಲಿಗೆ ಇನ್ಸುಲೇಶನ್ ಟೇಪ್ ಸುತ್ತಿ ಕಟ್ಟಿದ್ದೇವೆ. ಈ ಕೀಬೋರ್ಡ್, ಮೌಸ್, ಡಾಂಗಲ್ ಮೂರೂ ಒಂದೇ ಡಬ್ಬಿಯಲ್ಲಿ ಬಂದ ಹಳೆ ಸೆಟ್ಟು. ಸಾವ್ಕಾರ್ರ ಮನೆಯಲ್ಲಿ ಸುಮ್ನೆ ಬಿದ್ದಿತ್ತು.

ಹಳೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ತೌಡು ಕುಡಿದು ಕುಡಿದು ಈ ಹಂಗಾಮಿನ ಶುರುವಿಗೆ ನಿಂತೇಹೋಯಿತು. ಬದಲಿಗೆ ಸಾವ್ಕಾರ್ರು 58 ಮಿಲಿಮೀಟರ್ ಕಾಗದದ ಥರ್ಮಲ್ ಪ್ರಿಂಟರ್ ತರಿಸಿದ್ದರು. ಅಂಗೈಯಷ್ಟಿದೆ, ಒಳಗೆ ಬ್ಯಾಟರಿ, ಬ್ಲೂಟೂತಿನಲ್ಲಿ ನಡೆಯುತ್ತದೆ. ಕೊಳ್ಳುವ ಮುಂಚೆ ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಥರ್ಮಲ್ ಕಾಗದದಲ್ಲಿ ಶಾಯಿ ಇರುವುದಿಲ್ಲ, ಕಾಯಿಸಿದರೆ ಕಪ್ಪಾಗುವ ಲೇಪ ಇರುತ್ತದೆ. ನಮ್ಮ ಕಡೆ ಬಿಸಿಲಿಗೆ ಲಾರಿಯ ಡ್ಯಾಶ್‌ಬೋರ್ಡಿನ ಮೇಲಿಟ್ಟ ಚೀಟಿ ಪೂರ್ತಿ ಕಪ್ಪು ತಿರುಗಿ ಕೂರುತ್ತದೆ. ಹೇಳಿದರೆ ಸಾವ್ಕಾರ್ರು ನಕ್ಕರು. "ರೊಕ್ಕ ಕೊಟ್ಟಮ್ಯಾಲೆ ಚೀಟಿ ತಗೊಂಡು ಏನ್ ಮಾಡ್ತಾರ್ರಿ?"

ಖೋಲಿಗೆ ಹೋಗಿ ಕೂತಾಗ ಒಂಬತ್ತೂಕಾಲು. ಹೊರಗೆ ಏಳು ಗಾಡಿ. ಹುಡುಗ ಕೈಯಲ್ಲೇ ಚೀಟಿ ಬರೆಯುತ್ತಿದ್ದ.

ಮೊದಲು ಬ್ಲೂಟೂತ್‌ಸಿಟಿಎಲ್ ತೆರೆದೆ. ಲಿನಕ್ಸಿನಲ್ಲಿ ಬ್ಲೂಟೂತ್ ಜೊತೆ ಮಾತಾಡುವುದು ಈ ಕಮಾಂಡಿನಿಂದ. ಯಾವ ಕಂಟ್ರೋಲರೂ, ಅಂದರೆ ಬ್ಲೂಟೂತ್ ಅಡಾಪ್ಟರೂ, ಇಲ್ಲ ಅಂದಿತು. ಬ್ಲೂಟೂತ್ ಸರ್ವಿಸ್ ನೋಡಿದೆ, ನಿಂತಿದೆ. ಸ್ಟಾರ್ಟ್ ಮಾಡಿದೆ, ಏಳಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲಕ್ಕೆ ಸ್ಟೇಟಸ್ ಸಾಲನ್ನು ಸರಿಯಾಗಿ ಓದಿದೆ: ಒಂದು ಷರತ್ತು ಪೂರೈಸಿಲ್ಲ, ಸಿಸ್ ಕ್ಲಾಸ್ ಒಳಗೆ ಬ್ಲೂಟೂತ್ ಅನ್ನುವ ಫೋಲ್ಡರ್ ಇಲ್ಲ. ಆ ಫೋಲ್ಡರ್ ಹುಟ್ಟುವುದು ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ಬ್ಲೂಟೂತ್ ಮಾಡ್ಯೂಲ್ ಬಂದು ಕೂತ ಮೇಲೆ. ಮಾಡ್ಯೂಲ್ ಬರುವುದು ಬ್ಲೂಟೂತ್ ಸಾಧನ ಕಣ್ಣಿಗೆ ಬಿದ್ದಾಗ. ಅಂದರೆ ಸರ್ವಿಸ್ ಕೆಟ್ಟಿಲ್ಲ. ಕೆಲಸವೇ ಇಲ್ಲ ಅಂತ ಮಲಗಿದೆ.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಯುಎಸ್‌ಬಿ ಬ್ಲೂಟೂತ್ ಸಾಧನಗಳನ್ನು ನಡೆಸುವ ಬಿಟಿಯುಎಸ್‌ಬಿ ಡ್ರೈವರನ್ನು ಕೈಯಿಂದ ಲೋಡ್ ಮಾಡಿದೆ. ಅದರ ಬೆನ್ನಿಗೆ ಬ್ಲೂಟೂತ್ ಮಾಡ್ಯೂಲೂ ಬಂತು, ಫೋಲ್ಡರೂ ಹುಟ್ಟಿತು, ಸರ್ವಿಸ್ ಹಸಿರು ಬಣ್ಣದಲ್ಲಿ ಎದ್ದು ಕೂತಿತು. ಆಯ್ತು ಅಂದುಕೊಂಡೆ. ಆದರೆ ಕಂಟ್ರೋಲರ್ ಮಾತ್ರ ಇಲ್ಲವೇ ಇಲ್ಲ. ಸವಾರಿ ಇಲ್ಲದ ಬಸ್ಸಿಗೆ ಡ್ರೈವರನ್ನು ಹತ್ತಿಸಿ ಕೂರಿಸಿದಂಗಾಯಿತು. ರೇಡಿಯೋಗಳು ಬಂದ್ ಆಗಿವೆಯೋ ಅಂತ ತೋರಿಸುವ ಆರ್‌ಎಫ್‌ಕಿಲ್ ಕಮಾಂಡ್ ನೋಡಿದರೆ ಅಲ್ಲೂ ಪಟ್ಟಿ ಖಾಲಿ. ರೇಡಿಯೋ ಬಂದ್ ಆಗಿದ್ದರೆ ಹಾಗಂತ ತೋರಿಸಬೇಕು. ಏನೂ ತೋರಿಸದಿದ್ದರೆ, ಬಂದ್ ಮಾಡುವುದಕ್ಕೂ ಅಲ್ಲಿ ಏನೂ ಇಲ್ಲ ಅಂತ ಅರ್ಥ. ಇಷ್ಟರಲ್ಲಿ ಅರ್ಧ ತಾಸು ಹೋಗಿತ್ತು.

ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಎಲ್‌ಎಸ್‌ಯುಎಸ್‌ಬಿ. ಯುಎಸ್‌ಬಿಗೆ ಚುಚ್ಚಿದ ಎಲ್ಲ ಸಾಧನಗಳ ಪಟ್ಟಿ ಬರುತ್ತದೆ. ಅದರಲ್ಲಿ ಒಂದು ಸಾಲು: ಐಡಿ 0ಎ12:1000, ಕೇಂಬ್ರಿಜ್ ಸಿಲಿಕಾನ್ ರೇಡಿಯೋ, ಬ್ಲೂಟೂತ್ ಡಾಂಗಲ್, ಎಚ್‌ಐಡಿ ಮೋಡ್. ಮರದ ಆಕಾರದ ಪಟ್ಟಿ ತೆಗೆದೆ. ಅದೇ ಸಾಧನದ ಮುಂದೆ ಡ್ರೈವರ್ ಹೆಸರು ಯುಎಸ್‌ಬಿಎಚ್‌ಐಡಿ. ಅದು ಕೀಬೋರ್ಡ್, ಮೌಸುಗಳ ಡ್ರೈವರ್.

ಇದರ ಕತೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ.

ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಬರುವ ಬಯಾಸಿಗೆ ಬ್ಲೂಟೂತ್ ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಸಾದಾ ಯುಎಸ್‌ಬಿ ಕೀಬೋರ್ಡ್, ಸಾದಾ ಯುಎಸ್‌ಬಿ ಮೌಸ್. ಹೀಗಾದರೆ ಬ್ಲೂಟೂತ್ ಕೀಬೋರ್ಡ್ ಕೊಂಡವನು ಬಯಾಸಿಗೆ ಹೋಗುವುದು ಹೇಗೆ? ಇದಕ್ಕೆ ಕೀಬೋರ್ಡ್ ಸೆಟ್ ಮಾಡುವವರು ಒಂದು ಉಪಾಯ ಮಾಡಿದರು. ಡಾಂಗಲ್ಲಿಗೆ ಎರಡು ವೇಷ ಕೊಟ್ಟರು. ಆನ್ ಆದಾಗ ಅದು "ನಾನು ಯುಎಸ್‌ಬಿ ಕೀಬೋರ್ಡ್ ಮತ್ತು ಮೌಸ್" ಅನ್ನುತ್ತದೆ. ಕೀಬೋರ್ಡಿನ ಜೊತೆ ಬ್ಲೂಟೂತ್ ಮಾತೆಲ್ಲ ಡಾಂಗಲ್ ಒಳಗಿನ ಚಿಪ್ಪೇ ಆಡಿಕೊಳ್ಳುತ್ತದೆ, ಕಂಪ್ಯೂಟರಿಗೆ ಬರೀ ಒತ್ತಿದ ಕೀಲಿ ಕಳಿಸುತ್ತದೆ. ಇದು ಎಚ್‌ಐಡಿ ಮೋಡ್. ಆಪರೇಟಿಂಗ್ ಸಿಸ್ಟಂ ಎದ್ದ ಮೇಲೆ ಯಾರಾದರೂ "ವೇಷ ಬಿಡು" ಅಂದರೆ ಅದು ಯುಎಸ್‌ಬಿಯಿಂದ ಒಂದು ಕ್ಷಣ ಮಾಯವಾಗಿ, 0ಎ12:0001 ಅನ್ನುವ ಬೇರೆ ಐಡಿ ಹೊತ್ತು ಪೂರಾ ಬ್ಲೂಟೂತ್ ಅಡಾಪ್ಟರ್ ಆಗಿ ವಾಪಸ್ ಬರುತ್ತದೆ. ಇದು ಎಚ್‌ಸಿಐ ಮೋಡ್. ಪ್ರಿಂಟರ್, ಹೆಡ್‌ಸೆಟ್, ಫೋನು ಯಾವುದೇ ಇರಲಿ, ಹತ್ತುವುದು ಈ ಎರಡನೇ ರೂಪಕ್ಕೆ ಮಾತ್ರ.

ಹುಡುಗ ಹೇಳಿದ್ದು ಇದನ್ನೇ. ಡಾಂಗಲ್ ಇದೆ, ಕೀಬೋರ್ಡ್ ನಡೆಯುತ್ತಿದೆ, ಬ್ಲೂಟೂತ್ ಇಲ್ಲ.

ವೇಷ ಬಿಡಿಸುವ ಕೆಲಸ ಲಿನಕ್ಸಿನಲ್ಲಿ ಒಂದು ಪುಟ್ಟ ಪ್ರೋಗ್ರಾಮಿನದು. ಹೆಸರೇ ಕೆಲಸ ಹೇಳುತ್ತದೆ: ಎಚ್‌ಐಡಿ2ಎಚ್‌ಸಿಐ. ಇದು ಬ್ಲೂಝೀ ಅನ್ನುವ ಲಿನಕ್ಸ್ ಬ್ಲೂಟೂತ್ ಕಟ್ಟಿನ ಭಾಗ. ಬ್ಲೂಝೀ ಶುರುವಾದದ್ದು 2001ರಲ್ಲಿ, ಕ್ವಾಲ್‌ಕಾಮ್ ಕಂಪನಿಯಲ್ಲಿ. ಡಾಂಗಲ್ಲಿನ ಚಿಪ್ಪು ಮಾಡಿದ ಇಂಗ್ಲೆಂಡಿನ ಕೇಂಬ್ರಿಜ್ ಸಿಲಿಕಾನ್ ರೇಡಿಯೋವನ್ನು 2015ರಲ್ಲಿ ಕೊಂಡದ್ದೂ ಅದೇ ಕ್ವಾಲ್‌ಕಾಮ್. ಬೀಗದ ಮನೆಯವರು, ಕೀಲಿಯ ಮನೆಯವರು ಕೊನೆಗೆ ಬೀಗರಾದರು ಅನ್ನಿ.

ಡೆಬಿಯನ್ನಿನಲ್ಲಿ ಈ ಪ್ರೋಗ್ರಾಮ್ ಬ್ಲೂಝೀ ಪ್ಯಾಕೇಜಿನ ಒಳಗೇ ಬರುತ್ತದೆ. ಫೆಡೋರಾ, ಆರ್ಚ್ ಅನ್ನುವ ಬೇರೆ ಲಿನಕ್ಸ್‌ಗಳನ್ನು ಬಳಸುವವರು ಇಲ್ಲೊಂದು ಮಾತು ಗಮನಿಸಬೇಕು. ಅವುಗಳಲ್ಲಿ ಇದು ಬೇರೆ ಪ್ಯಾಕೇಜು, ತಾನಾಗೇ ಬಂದಿರುವುದಿಲ್ಲ. ಅಲ್ಲಿ ಇಂಥದೇ ಲಕ್ಷಣ ಕಂಡರೆ ಮೊದಲ ಅನುಮಾನ ಅದರ ಮೇಲೇ ಇಡಬೇಕು. ನಮ್ಮ ಯಂತ್ರದಲ್ಲಿ ನೋಡಿದೆ, ಪ್ರೋಗ್ರಾಮ್ ಇದ್ದ ಜಾಗದಲ್ಲೇ ಇತ್ತು.

ಸರಿ, ಕೈಯಿಂದಲೇ ಓಡಿಸೋಣ ಅಂದುಕೊಂಡೆ. ಹಳೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ ಆಪ್ಶನ್ ಕೊಟ್ಟೆ, "ಟು ಎಚ್‌ಸಿಐ" ಅಂತ. ಅಂಥ ಆಪ್ಶನ್ನೇ ಇಲ್ಲ ಅಂದಿತು. ಆ ಕಾಲ ಮುಗಿದಿದೆ. ಈಗ ಎರಡು ಮಾತು ಹೇಳಬೇಕು: ಯಾವ ವಿಧಾನ, ಯಾವ ಸಾಧನ. ವಿಧಾನ ಅಂದರೆ ಚಿಪ್ಪಿನ ಜಾತಿ. ಈ ಡಾಂಗಲ್ಲಿಗೆ ಸಿಎಸ್‌ಆರ್ (ಕೇಂಬ್ರಿಜ್ ಸಿಲಿಕಾನ್ ರೇಡಿಯೋ), ಲಾಜಿಟೆಕ್ ಕಂಪನಿಯದಕ್ಕೆ ಬೇರೆ, ಡೆಲ್ ಕಂಪನಿಯದಕ್ಕೆ ಬೇರೆ. ಒಂದೊಂದಕ್ಕೂ ವೇಷ ಬಿಡು ಅಂತ ಹೇಳುವ ಭಾಷೆ ಬೇರೆ.

ಸಾಧನದ ವಿಳಾಸದಲ್ಲಿ ನಾನು ಮತ್ತೆ ಎಡವಿದೆ. ಡೆವ್ ಫೋಲ್ಡರಿನ ಕೆಳಗಿನ ಬಸ್ ನಂಬರು, ಸಾಧನದ ನಂಬರು ಕೊಟ್ಟೆ. ಸಿಗಲಿಲ್ಲ ಅಂದಿತು. ಅದಕ್ಕೆ ಬೇಕಾದದ್ದು ಕರ್ನಲ್ ಒಳಗಿನ ದಾರಿ: ಡಿವೈಸಸ್ ಅಂತ ಶುರುವಾಗಿ, ಪಿಸಿಐ ನಂಬರು, ಯುಎಸ್‌ಬಿ ನಂಬರು, ಕೊನೆಗೆ ಪೋರ್ಟ್ ನಂಬರು. ಇದನ್ನು ಊಹೆ ಮಾಡುತ್ತ ಕೂರಬೇಕಿಲ್ಲ. ಯೂಡೆವ್‌ಎಡಿಎಂ ಇನ್ಫೋ ಕಮಾಂಡಿಗೆ ಆ ಡೆವ್ ವಿಳಾಸ ಕೊಟ್ಟು ದಾರಿ ಕೇಳಿದರೆ ಬರೆದು ಕೊಡುತ್ತದೆ. ಅದನ್ನು ನಕಲು ಮಾಡಿ ಅಂಟಿಸಿ, ರೂಟ್ (ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರುವ ಖಾತೆ) ಆಗಿ ಎಂಟರ್ ಒತ್ತಿದೆ.

ಪರದೆಯ ಮೂಲೆಯಲ್ಲಿ ಬ್ಲೂಟೂತ್ ಚಿಹ್ನೆ ಮೂಡಿತು.

"ಬಂತ್ರಿ ಸರ!" ಅಂದ ಹುಡುಗ.

ಬಂತು. ಪ್ರಿಂಟರ್ ಹುಡುಕೋಣ ಅಂತ ಟೈಪ್ ಮಾಡಲು ಹೋದೆ. ಒಂದಕ್ಷರ ಮೂಡಲಿಲ್ಲ. ಮೌಸ್ ಅಲ್ಲಾಡಿಸಿದೆ, ಬಾಣ ಅಲ್ಲೇ ನಿಂತಿದೆ. ನಾನು ಕಮಾಂಡ್ ಕೊಟ್ಟದ್ದೇ ಆ ಡಾಂಗಲ್ಲಿನ ಕೀಬೋರ್ಡಿನಿಂದ. ಅದು ಕೀಬೋರ್ಡ್ ವೇಷ ಬಿಡು ಅಂದ ತಕ್ಷಣ ಬಿಟ್ಟಿತ್ತು, ನನ್ನ ಕೀಬೋರ್ಡೂ ಅದರ ಜೊತೆ ಹೋಯಿತು. ಕೂತ ಕೊಂಬೆ ಕಡಿದುಕೊಂಡವನ ಕತೆ. ಹುಡುಗ ಆಫೀಸಿಗೆ ಓಡಿ ಗುಮಾಸ್ತರ ವೈರ್ ಇರುವ ಕೀಬೋರ್ಡ್ ಕಿತ್ತುಕೊಂಡು ಬಂದ. ಗುಮಾಸ್ತರೂ ಬೈಯುತ್ತಾ ಹಿಂದೆಯೇ ಬಂದರು.

ನೀವು ಈ ಪ್ರಯೋಗ ಮಾಡುವುದಿದ್ದರೆ ವೈರ್ ಇರುವ ಕೀಬೋರ್ಡ್ ಮೊದಲೇ ಚುಚ್ಚಿಟ್ಟುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ.

ಈ ಪ್ರಯೋಗದಿಂದ ಎರಡು ವಿಷಯ ಗಟ್ಟಿಯಾಯಿತು. ಡಾಂಗಲ್ ಸರಿಯಿದೆ, ಬಿಡು ಅಂದರೆ ವೇಷ ಬಿಡುತ್ತದೆ. ಪ್ರೋಗ್ರಾಮೂ ಸರಿಯಿದೆ. ಆದರೆ ಡಾಂಗಲ್ ಕಿತ್ತು ಮತ್ತೆ ಚುಚ್ಚಿದರೆ ಮತ್ತೆ 1000, ಮತ್ತೆ ಕೀಬೋರ್ಡ್. ಅದು ಹಾಗಿರುವುದೇ ಸರಿ, ಯಾಕಂದ್ರೆ ಕರೆಂಟ್ ಹೋಗಿ ಬಂದಾಗಲೆಲ್ಲ ಬಯಾಸಿಗೋಸ್ಕರ ಅದು ಮೊದಲ ವೇಷದಲ್ಲೇ ಏಳಬೇಕು. ಪ್ರಶ್ನೆ ಉಳಿದದ್ದು ಒಂದೇ. ಚುಚ್ಚಿದಾಗಲೆಲ್ಲ ಪ್ರೋಗ್ರಾಮನ್ನು ಕರೆಯಬೇಕಾದವರು ಯಾರು, ಅವರು ಯಾಕೆ ಕರೆಯುತ್ತಿಲ್ಲ?

ಕರೆಯಬೇಕಾದದ್ದು ಯೂಡೆವ್. ಸಾಧನ ಬಂತು, ಹೋಯಿತು ಅನ್ನುವ ಸುದ್ದಿಯನ್ನು ಕರ್ನಲ್ಲಿನಿಂದ ಕೇಳಿಸಿಕೊಂಡು ರೂಲ್ಸ್ ಪ್ರಕಾರ ಕೆಲಸ ಮಾಡಿಸುವ ಮೇಸ್ತ್ರಿ ಅದು. ಬ್ಲೂಝೀ ಜೊತೆ 97-ಎಚ್‌ಐಡಿ2ಎಚ್‌ಸಿಐ ಅನ್ನುವ ಹೆಸರಿನ ರೂಲ್ಸ್ ಫೈಲ್ ಬರುತ್ತದೆ. ತೆರೆದು ಓದಿದೆ. ತಯಾರಕರ ನಂಬರು 0ಎ12, 0458 ಅಥವಾ 05ಎಸಿ ಇದ್ದು, ಸಾಧನದ ನಂಬರು 1000 ಇದ್ದರೆ ಸಿಎಸ್‌ಆರ್ ವಿಧಾನದಲ್ಲಿ ಮೋಡ್ ಬದಲಿಸು ಅಂತ ಸ್ಪಷ್ಟವಾಗಿ ಬರೆದಿದೆ. ನಮ್ಮ ಡಾಂಗಲ್ ಈ ಸಾಲಿಗೆ ತಾಳೆಯಾಗುತ್ತದೆ. ಆದರೂ ಏನೂ ನಡೆಯುತ್ತಿಲ್ಲ.

ಹತ್ತೂವರೆ ಆಗಿತ್ತು. ಚಹಾ ಬಂತು. ಚಹಾದ ಮೇಲೂ ತೌಡು ತೇಲುತ್ತಿತ್ತು, ಅದು ಬೇರೆ ಮಾತು.

ಯೂಡೆವ್ ಏನು ಯೋಚನೆ ಮಾಡುತ್ತಿದೆ ಅಂತ ಅದರ ಬಾಯಿಂದಲೇ ಕೇಳುವ ಕಮಾಂಡ್ ಇದೆ: ಯೂಡೆವ್‌ಎಡಿಎಂ ಟೆಸ್ಟ್. ಸಾಧನದ ದಾರಿ ಕೊಟ್ಟರೆ, ಯಾವ ಯಾವ ರೂಲ್ಸ್ ಫೈಲ್ ಓದಿದೆ, ಯಾವುದು ತಾಳೆಯಾಯಿತು ಅಂತೆಲ್ಲ ಉದ್ದಕ್ಕೆ ಬರೆಯುತ್ತದೆ. ಬಂದ ಸಾಲುಗಳನ್ನು ಬೆರಳಿಟ್ಟು ಓದುತ್ತಾ ಹೋದೆ. 60 ಓದಿದೆ, 70 ಓದಿದೆ, 80 ಓದಿದೆ. 97ಕ್ಕೆ ಬಂದಾಗ ಮಾತು ಬೇರೆಯಿತ್ತು. ಫೈಲ್ ಖಾಲಿ ಇದೆ, ಬಿಟ್ಟು ಹೋಗುತ್ತಿದ್ದೇನೆ ಅಂದಿತ್ತು.

ಖಾಲಿ? ಈಗಷ್ಟೇ ತೆರೆದು ಓದಿದ್ದೆನಲ್ಲ!

ಮತ್ತೆ ಆ ಸಾಲನ್ನು ನೋಡಿದೆ. ಹೆಸರು ಅದೇ, ವಿಳಾಸ ಬೇರೆ. ನಾನು ಓದಿದ್ದು ಲಿಬ್ ಫೋಲ್ಡರಿನ ಫೈಲು, ಪ್ಯಾಕೇಜ್ ತಂದು ಇಟ್ಟದ್ದು. ಯೂಡೆವ್ ಹೇಳುತ್ತಿದ್ದುದು ಇಟಿಸಿ ಫೋಲ್ಡರಿನ ಫೈಲನ್ನು. ಅದು ಯಂತ್ರದ ಯಜಮಾನ ತನ್ನ ಕೈಯಿಂದ ಇಡುವ ಜಾಗ. ಎರಡೂ ಕಡೆ ಒಂದೇ ಹೆಸರಿನ ಫೈಲ್ ಇದ್ದರೆ ಯೂಡೆವ್ ಇಟಿಸಿಯದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತದೆ, ಲಿಬ್ಬಿನದನ್ನು ಕಣ್ಣೆತ್ತಿ ಸಹ ನೋಡುವುದಿಲ್ಲ. ಪ್ಯಾಕೇಜಿನ ರೂಲ್ ಬೇಡ ಅನ್ನುವವರು ಅದೇ ಹೆಸರಿನಲ್ಲಿ ಇಟಿಸಿಯಲ್ಲೊಂದು ಕೊಂಡಿ ಮಾಡಿ, ಅದನ್ನು ಡೆವ್ ನಲ್ ಅನ್ನುವ ಶೂನ್ಯಕ್ಕೆ ಜೋಡಿಸುತ್ತಾರೆ. ರೂಲಿಗೆ ಮಂಕುಬೂದಿ ಹಾಕಿದ ಹಾಗೆ. ಪ್ಯಾಕೇಜ್ ಎಷ್ಟು ಸಲ ಅಪ್‌ಡೇಟ್ ಆದರೂ ಅದು ಹಾಗೇ ಇರುತ್ತದೆ.

ಇಲ್ಲಿ ಯಾರೋ ಅದನ್ನೇ ಮಾಡಿದ್ದರು. ಯಾರು ಮಾಡಿದ್ದು ಅಂತ ಸಿಟ್ಟಿನಲ್ಲಿ ತಾರೀಖು ತೆಗೆದೆ. ಫೆಬ್ರವರಿ 2024.

ಆ ಯಂತ್ರದ ರೂಟ್ ಪಾಸ್‌ವರ್ಡ್ ಇದ್ದದ್ದು ಒಬ್ಬನ ಹತ್ತಿರ ಮಾತ್ರ. ಅವನು ಆಗ ತೌಡಿನ ಚಹಾ ಹಿಡಿದು ಅದೇ ಕುರ್ಚಿಯಲ್ಲಿ ಕೂತಿದ್ದ.

ಮಾಡಿದ್ದು ಮಸುಕಾಗಿ ನೆನಪಾಯಿತು. ಯಾಕೆ ಮಾಡಿದ್ದೆ ಅನ್ನುವುದು ಮಾತ್ರ ನೆನಪಾಗಲಿಲ್ಲ. ಹೊರಗೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಯೋಚನೆ ಮಾಡುತ್ತಾ ಕೂರದೆ ಕೊಂಡಿ ಅಳಿಸಿದೆ, ಯೂಡೆವ್‌ಗೆ ರೂಲ್ಸ್ ಮತ್ತೆ ಓದಲು ಹೇಳಿದೆ, ಡಾಂಗಲ್ ಕಿತ್ತು ಚುಚ್ಚಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ 1000 ಹೋಗಿ 0001 ಬಂತು. ಬಿಟಿಯುಎಸ್‌ಬಿ ತಾನಾಗೇ ಅದನ್ನು ಹಿಡಿದುಕೊಂಡು, ಎಚ್‌ಸಿಐ0 ಅನ್ನುವ ಹೆಸರಿನಲ್ಲಿ ಬ್ಲೂಟೂತ್ ಅಡಾಪ್ಟರ್ ಎದ್ದಿತು.

ಉಳಿದದ್ದು ಸಲೀಸು. ಸ್ಕ್ಯಾನ್ ಹಾಕಿದೆ, ಪ್ರಿಂಟರ್ ಸಿಕ್ಕಿತು, ಪಿನ್ 0000 ಕೊಟ್ಟು ಜೋಡಿ ಮಾಡಿದೆ. ಇಂಥ ಪ್ರಿಂಟರುಗಳು ಬ್ಲೂಟೂತ್ ಮೇಲೆ ಸೀರಿಯಲ್ ಪೋರ್ಟಿನ ಹಾಗೆ ನಡೆಯುತ್ತವೆ. ಆರ್‌ಎಫ್‌ಕಾಮ್ ಕಮಾಂಡಿನಿಂದ ಚಾನೆಲ್ 1ಕ್ಕೆ ಕಟ್ಟಿದರೆ ಒಂದು ಪೋರ್ಟ್ ಹುಟ್ಟುತ್ತದೆ, ಅದಕ್ಕೆ ಬರೆದದ್ದು ಕಾಗದದ ಮೇಲೆ ಬರುತ್ತದೆ. ಪ್ರೋಗ್ರಾಮಿನಲ್ಲಿ ಪ್ರಿಂಟರ್ ಹೆಸರಿನ ಒಂದು ಸಾಲು ಬದಲಿಸಿದೆ. ಹಳೆ ಕೀಬೋರ್ಡಿನ ಹೊಟ್ಟೆಯ ಕೆಳಗಿನ ಸಣ್ಣ ಗುಂಡಿ ಒತ್ತಿ, ಅದನ್ನೂ ಮೌಸನ್ನೂ ಲಿನಕ್ಸಿನ ಜೊತೆ ಹೊಸದಾಗಿ ಜೋಡಿ ಮಾಡಿದೆ. ಗುಮಾಸ್ತರ ಕೀಬೋರ್ಡ್ ಗುಮಾಸ್ತರಿಗೆ ಹೋಯಿತು. ಮೊದಲ ಚೀಟಿ ಬಂದಾಗ ಹನ್ನೆರಡೂಕಾಲು. ಹುಡುಗ ಅದನ್ನು ಹರಿದು ಬೆಳಕಿಗೆ ಹಿಡಿದು ನೋಡಿದ.

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ಬರೆಯುವಂಥದ್ದು ಜಾಸ್ತಿ ಇರುತ್ತಿರಲಿಲ್ಲ.

ನಾಲ್ಕನೇ ದಿನ ಬೆಳಗಿನ ಜಾವ ಐದಕ್ಕೆ ಮತ್ತೆ ಅವನದೇ ಫೋನು.

"ಸರ, ರಾತ್ರಿ ಕರೆಂಟ್ ಹೋಗಿತ್ರಿ. ಈಗ ಕಂಪ್ಯೂಟರ್ ಕರ್ರಗ ನಿಂತೈತಿ. ಏನೋ ಇಂಗ್ಲಿಷ್‌ನ್ಯಾಗ ಬರದೈತಿ. ಕೀಬೋರ್ಡ್ ಬಡದು ಬಡದು ಸಾಕಾತು, ಏನೂ ಆಗವಲ್ದು."

ಖೋಲಿಯ ಯುಪಿಎಸ್ಸಿನ ಬ್ಯಾಟರಿ ಸತ್ತು ಬಹಳ ದಿನ ಆಗಿದೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡಿಸ್ಕಿನ ಲೆಕ್ಕ ತಪ್ಪುತ್ತದೆ. ಹೆಚ್ಚಿನ ಸಲ ಲಿನಕ್ಸ್ ತಾನೇ ಸರಿಮಾಡಿಕೊಂಡು ಏಳುತ್ತದೆ. ಒಮ್ಮೊಮ್ಮೆ ತನ್ನ ಕೈಲಾಗುವುದಿಲ್ಲ, ನೀವೇ ಡಿಸ್ಕ್ ಚೆಕ್ ಓಡಿಸಿ ಅಂತ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. ಅಲ್ಲಿ ಒಂದು ಕಮಾಂಡ್ ಟೈಪ್ ಮಾಡಬೇಕು. ಟೈಪ್ ಮಾಡಲು ಕೀಬೋರ್ಡ್ ಬೇಕು.

ಗಾಡಿ ಓಡಿಸುತ್ತಾ ಅರ್ಧ ದಾರಿಯಲ್ಲಿ ಫೆಬ್ರವರಿ 2024 ಪೂರ್ತಿ ನೆನಪಾಯಿತು. ಆಗಲೂ ಹೀಗೇ ಕರೆಂಟ್ ಹೋಗಿತ್ತು. ಆಗಲೂ ಕಪ್ಪು ಪರದೆ, ಆಗಲೂ ಸತ್ತ ಕೀಬೋರ್ಡ್. ಅದಕ್ಕೇ ನಾನು ಈ ಡಾಂಗಲ್ ಎಂದೂ ವೇಷ ಬಿಡಬಾರದು ಅಂತ ರೂಲಿನ ಬಾಯಿ ಮುಚ್ಚಿಸಿದ್ದೆ. ಆಗ ಅದು ಸರಿಯಾದ ಪರಿಹಾರವೇ. ಪ್ರಿಂಟರ್ ವೈರಿನಲ್ಲಿತ್ತು, ಬ್ಲೂಟೂತ್ ಯಾರಿಗೂ ಬೇಕಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಂಪ್ಯೂಟರ್ ಎದ್ದ ಕ್ಷಣದಲ್ಲಿ ಡಾಂಗಲ್ ಎಚ್‌ಐಡಿ ಮೋಡಿನಲ್ಲೇ ಇರುತ್ತದಲ್ಲ, ವೇಷ ಬಿಡಿಸುವ ಪ್ರೋಗ್ರಾಮ್ ಇನ್ನೂ ಓಡಿಯೇ ಇಲ್ಲವಲ್ಲ, ಹಾಗಿದ್ದರೆ ಕೀಬೋರ್ಡ್ ಯಾಕೆ ನಡೆಯಲಿಲ್ಲ? ಕಾರಣ ಜೋಡಿ. ಬ್ಲೂಟೂತಿನಲ್ಲಿ ಜೋಡಿಯಾದಾಗ ಎರಡೂ ಕಡೆ ಒಂದು ಗುಟ್ಟಿನ ಕೀಲಿ ಉಳಿಯುತ್ತದೆ. ಮೊದಲಿನ ಜೋಡಿಯ ಕೀಲಿ ಡಾಂಗಲ್ಲಿನ ಚಿಪ್ಪಿನಲ್ಲಿತ್ತು. ಮೊನ್ನೆ ರಾತ್ರಿ ನಾನು ಲಿನಕ್ಸಿನ ಜೊತೆ ಹೊಸದಾಗಿ ಜೋಡಿ ಮಾಡಿದೆನಲ್ಲ, ಆಗ ಕೀಬೋರ್ಡ್ ಹಳೆ ಕೀಲಿ ಮರೆತು ಹೊಸದನ್ನು ಹಿಡಿದುಕೊಂಡಿತು. ಆ ಹೊಸ ಕೀಲಿಯ ಇನ್ನೊಂದು ಪ್ರತಿ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಬ್ಲೂಝೀಯ ಫೋಲ್ಡರಿನಲ್ಲಿ. ಆ ಡಿಸ್ಕೇ ಈಗ ತೆರೆಯುತ್ತಿಲ್ಲ. ಡಾಂಗಲ್ ಹಳೆ ಕೀಲಿ ತೋರಿಸುತ್ತದೆ, ಕೀಬೋರ್ಡ್ ನೀನು ಯಾರೋ ಗೊತ್ತಿಲ್ಲ ಅನ್ನುತ್ತದೆ.

ಗುಮಾಸ್ತರು ಇನ್ನೂ ಬಂದಿರಲಿಲ್ಲ, ಹಾಗಾಗಿ ಅವರ ಕೀಬೋರ್ಡ್ ಸಿಗುವುದು ಸುಲಭವಾಯಿತು. ಡಿಸ್ಕ್ ಚೆಕ್ ಓಡಿಸಿದೆ, ಯಂತ್ರ ಎದ್ದಿತು.

ಈಗ ದಾರಿ ಎರಡೇ. ಒಂದು, ಈ ಡಾಂಗಲ್ಲನ್ನು ಎಚ್‌ಸಿಐನಲ್ಲೇ ಬಿಟ್ಟು, ಕಪಾಟಿನಲ್ಲಿ ವೈರ್ ಕೀಬೋರ್ಡ್ ಒಂದನ್ನು ಆಪತ್ತಿಗೆ ಅಂತ ಇಡುವುದು. ಮನೆಯ ಕಂಪ್ಯೂಟರ್ ಆಗಿದ್ದರೆ ನಾನು ಇದನ್ನೇ ಮಾಡುತ್ತಿದ್ದೆ. ಆದರೆ ಕಾಟಾ ಖೋಲಿಯಲ್ಲಿ ಆಪತ್ತಿಗೆ ಅಂತ ಇಟ್ಟ ವಸ್ತು ಆಪತ್ತಿನ ಹೊತ್ತಿಗೆ ಇದ್ದದ್ದನ್ನು ನಾನು ನೋಡಿಲ್ಲ. ಎರಡು, ಹಳೆ ಡಾಂಗಲ್ ಕೀಬೋರ್ಡಿಗೇ ಇರಲಿ, ಪ್ರಿಂಟರಿಗೆ ಬೇರೆ ಡಾಂಗಲ್ ತರುವುದು. ಸಾವ್ಕಾರ್ರಿಗೆ ಹೇಳಿದೆ. ಮುನ್ನೂರು ರೂಪಾಯಿ ಒಳಗೆ ಮುಗಿಯುತ್ತದೆ ಅಂದಾಗ, "ಇದನ್ನ ಮೊದ್ಲs ಹೇಳಬೇಕಿತ್ತಲ್ರಿ" ಅಂದರು. ಹೇಳಬೇಕಿತ್ತು.

ಗಂಗಾವತಿಯಲ್ಲೇ ಹೆಬ್ಬೆರಳ ಉಗುರಿನಷ್ಟು ಡಾಂಗಲ್ ಸಿಕ್ಕಿತು. ಚುಚ್ಚಿದರೆ ಇದೂ ತನ್ನನ್ನು 0ಎ12:0001 ಅಂತಲೇ ಕರೆದುಕೊಂಡಿತು. ಜೊತೆಗೆ ಕರ್ನಲ್ ಲಾಗಿನಲ್ಲಿ ಒಂದು ಸಾಲು: ಇದು ಸಿಎಸ್‌ಆರ್ ಚಿಪ್ಪಿನ ಹೆಸರಿಲ್ಲದ ನಕಲು, ಅದಕ್ಕೆ ತಕ್ಕ ಉಪಾಯ ಮಾಡುತ್ತಿದ್ದೇನೆ ಅಂತ. ಇಂಥ ನಕಲು ಚಿಪ್ಪುಗಳು ಎಷ್ಟು ಬಂದಿವೆ ಅಂದರೆ ಕರ್ನಲ್ ಬರೆಯುವವರು ಅವುಗಳಿಗೆ ಅಂತಲೇ ಸಾಲುಗಳನ್ನು ಬರೆದಿಟ್ಟಿದ್ದಾರೆ. ಹಳೆ ಕರ್ನಲ್ ಆಗಿದ್ದರೆ ಇಲ್ಲಿ ಇನ್ನೊಂದು ರಾತ್ರಿ ಹೋಗುತ್ತಿತ್ತು. ಡೆಬಿಯನ್ 12ರ 6.1 ಕರ್ನಲ್ ಅದನ್ನು ಸುಮ್ನೆ ಒಪ್ಪಿಕೊಂಡಿತು. ಪ್ರಿಂಟರ್ ಹೊಸದರ ಜೊತೆ ಜೋಡಿಯಾಯಿತು. ಹಳೆ ಡಾಂಗಲ್ಲಿನ ಗುಂಡಿ, ಕೀಬೋರ್ಡಿನ ಗುಂಡಿ ಎರಡನ್ನೂ ಒತ್ತಿ ಅವುಗಳ ಹಳೆ ನಂಟು ಮತ್ತೆ ಕೂಡಿಸಿದೆ. ಮೇಜಿನ ಕಾಲಿಗೆ ಈಗ ಎರಡು ಡಾಂಗಲ್, ಎರಡು ಸುತ್ತು ಟೇಪು. ಮೇನ್ ಸ್ವಿಚ್ ಎಳೆದು, ಮತ್ತೆ ಹಾಕಿ, ಬಯಾಸಿನಲ್ಲಿ ಕೀಬೋರ್ಡ್ ನಡೆಯುತ್ತದೆ ಅಂತ ಕಣ್ಣಾರೆ ನೋಡಿದ ಮೇಲೇ ಎದ್ದೆ.

ಏಳುವ ಮುಂಚೆ ಇನ್ನೊಂದು ಕೆಲಸ ಇತ್ತು. ಹಳೆ ರೂಲಿನ ಬಾಯಿ ಮತ್ತೆ ಮುಚ್ಚಿಸಬೇಕು. ಈ ಸಲ ಡೆವ್ ನಲ್‌ಗೆ ಕೊಂಡಿ ಹಾಕಲಿಲ್ಲ. ಕೊಂಡಿ ಹಾಕಿದರೆ ಕಾರಣ ಬರೆಯಲು ಜಾಗವೇ ಇರುವುದಿಲ್ಲ. ಅದೇ ಹೆಸರಿನ ಸಾದಾ ಫೈಲ್ ಮಾಡಿದೆ. ಒಳಗೆ ರೂಲ್ ಒಂದೂ ಇಲ್ಲ, ಬರೀ ಕಾಮೆಂಟ್ ಸಾಲುಗಳು. ಹೆಸರು ಒಂದೇ ಆದ್ದರಿಂದ ಲಿಬ್ಬಿನ ಫೈಲು ಇದಕ್ಕೂ ಹಾಗೇ ದಾರಿ ಬಿಡುತ್ತದೆ.

# ಇದು ಬೇಕಂತಲೇ ಹೀಗಿದೆ. ಅಳಿಸಬೇಡಿ.
# ಹಳೆ ಡಾಂಗಲ್ ಕೀಬೋರ್ಡ್ ಮೋಡಿನಲ್ಲೇ ಇರಬೇಕು. ಕರೆಂಟ್ ಹೋದಾಗ ಡಿಸ್ಕ್ ಚೆಕ್ಕಿಗೆ ಬೇಕು.
# ಪ್ರಿಂಟರ್ ಹೊಸ ಡಾಂಗಲ್ ಮೇಲೆ ಇದೆ. ಇದನ್ನು ಮುಟ್ಟುವ ಕೆಲಸ ಇಲ್ಲ.

ಹುಡುಗ ಹಿಂದೆ ನಿಂತು ಓದುತ್ತಿದ್ದ.

"ಕೆಳಗ ನಿಮ್ಮ ಹೆಸರೂ ಬರೀರಿ ಸರ."

"ಯಾಕೋ?"

"ಮುಂದ ಯಾರನ್ನ ಬೈಬೇಕು ಅನ್ನೂದು ಗೊತ್ತಿರ್ಲಿ ಅಂತ್ರಿ."

ಬರೆದೆ, ತಾರೀಖನ್ನೂ ಹಾಕಿದೆ. ಅಷ್ಟರಲ್ಲಿ ಹೊರಗೆ ಒಂದು ಟ್ರ್ಯಾಕ್ಟರ್ ಕಾಟಾ ಹತ್ತಿತು.